ಪಾಸ್‌ಪೋರ್ಟ್ ಕೈಬಿಡುವ ಮುನ್ನ: ವಿದೇಶಿ ಕೆಲಸದ ನಕಲಿ ಏಜೆಂಟರಿಂದ ಪಾರಾಗುವ ಬಗೆ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮೂರಿನ ಪರಿಚಯದ ಹುಡುಗನೊಬ್ಬ ಮೊಬೈಲಿನಲ್ಲಿದ್ದ ಎರಡು ಪಿಡಿಎಫ್‌ಗಳನ್ನು ತೋರಿಸಲು ಮನೆಗೆ ಬಂದಿದ್ದ. ಒಂದು ದುಬೈನ ಯಾವುದೋ ಕಂಪೆನಿಯ ಆಫರ್ ಲೆಟರ್, ಇನ್ನೊಂದು ವೀಸಾ. ಆಫರ್ ಲೆಟರಿನ ಮೇಲ್ಭಾಗದಲ್ಲಿ ಬಣ್ಣದ ಲಾಂಛನ, ಕೆಳಗೆ ನೀಲಿ ಮೊಹರು, ನಡುವೆ ಸಂಬಳದ ಸಾಲು. ಅಂಕಿಯಲ್ಲಿ 2,200 ದಿರ್ಹಂ ಎಂದಿದ್ದ ಸಂಬಳ ಅಕ್ಷರದಲ್ಲಿ ಎರಡು ಸಾವಿರಕ್ಕೇ ನಿಂತಿತ್ತು. ಕಂಪೆನಿಯ ಇಮೇಲ್ ವಿಳಾಸ ಜಿಮೇಲಿನದು. ವೀಸಾದ ಹಾಳೆಯನ್ನು ದೊಡ್ಡದು ಮಾಡಿ ನೋಡಿದರೆ ಅದು ಅರವತ್ತು ದಿನಗಳ ಪ್ರವಾಸಿ ವೀಸಾ. ಯಾವ ಕೆಲಸಕ್ಕೆ, ಯಾರ ಹತ್ತಿರ ಎಂಬುದರ ಸುಳಿವೂ ಅದರಲ್ಲಿರಲಿಲ್ಲ. ಹುಡುಗ ಅಷ್ಟರಲ್ಲಾಗಲೇ 85,000 ರೂಪಾಯಿ ಕೊಟ್ಟಾಗಿತ್ತು. ಯಾರಿಗೆ ಎಂದು ಕೇಳಿದೆ. "ಸಣ್ಣ ಮಾವನ ದೋಸ್ತಿಗೆ. ಅವರು ಮೋಸ ಮಾಡುವ ಜನ ಅಲ್ಲ" ಎಂದ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಅವನ ಆ ಉತ್ತರದಿಂದ ಹುಟ್ಟಿದ್ದು. ವಿದೇಶಿ ಕೆಲಸದ ಹೆಸರಿನಲ್ಲಿ ಹಣ ಕೀಳುವವರು ನಮ್ಮ ಬಳಿಗೆ ಅಪರಿಚಿತರಾಗಿ ಬರುವುದು ಅಪರೂಪ. ಮೊದಲ ಕೊಂಡಿ ಯಾವಾಗಲೂ ನಂಟ, ನೆರೆಯವ, ಗಲ್ಫಿನಿಂದ ರಜೆಗೆ ಬಂದ ಸಹಪಾಠಿ, ಇಲ್ಲವೇ ಪೇಟೆಯ ಟ್ರಾವೆಲ್ಸ್ ಅಂಗಡಿಯವನು. ಎಷ್ಟೋ ಸಲ ಅವನಿಗೂ ಹಿಂದಿನ ಕೊಂಡಿಗಳ ಮೋಸ ತಿಳಿದಿರುವುದಿಲ್ಲ, ತನ್ನ ಪಾಲಿನ ಐದೋ ಹತ್ತೋ ಸಾವಿರದ ಕಮಿಷನ್ ಮಾತ್ರ ಅವನಿಗೆ ಗೊತ್ತು. ಆದುದರಿಂದ ಆ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಎಂದು ಅಳೆಯುವ ಕೆಲಸವನ್ನು ಬಿಟ್ಟು, ಅವನು ಕೊಡುವ ಕಾಗದಗಳನ್ನು ಸರ್ಕಾರದ ದಾಖಲೆಯೊಂದಿಗೆ ತಾಳೆ ನೋಡುವ ಕೆಲಸವನ್ನು ಕಲಿಯಬೇಕು. ಇದಕ್ಕೆ ಇಂಗ್ಲಿಷ್ ಪಾಂಡಿತ್ಯವೇನೂ ಬೇಡ. ಒಂದು ಮೊಬೈಲು, ಒಂದು ಸಂಜೆ, ಹಣ ಮತ್ತು ಪಾಸ್‌ಪೋರ್ಟ್ ಎರಡನ್ನೂ ಅಲ್ಲಿಯವರೆಗೆ ಕೈಯಲ್ಲೇ ಹಿಡಿದುಕೊಂಡಿರುವ ತಾಳ್ಮೆ ಸಾಕು.

ಮೊದಲು ನಿಮ್ಮ ಪಾಸ್‌ಪೋರ್ಟ್ ಯಾವ ಬಗೆಯದು ಎಂದು ನೋಡಿಕೊಳ್ಳಿ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್, ಅಂದರೆ 'ಎಮಿಗ್ರೇಶನ್ ಚೆಕ್ ರಿಕ್ವೈರ್ಡ್' ಎಂಬ ನಮೂದಿರುತ್ತದೆ. ಇಂಥವರು ಸೌದಿ ಅರೇಬಿಯಾ, ಯುಎಇ, ಕುವೈತ್, ಖತಾರ್, ಒಮಾನ್, ಬಹ್ರೇನ್, ಮಲೇಶಿಯಾ, ಇರಾಕ್, ಜೋರ್ಡಾನ್ ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಭಾರತ ಸರ್ಕಾರದ ವಲಸಿಗರ ರಕ್ಷಣಾಧಿಕಾರಿಯಿಂದ ಎಮಿಗ್ರೇಶನ್ ಕ್ಲಿಯರೆನ್ಸ್ ಪಡೆಯಲೇಬೇಕು. ಕರ್ನಾಟಕದವರಿಗಾಗಿ ಬೆಂಗಳೂರಿನಲ್ಲಿ ಆ ಕಚೇರಿ ಇದೆ. ಪಾಸ್‌ಪೋರ್ಟಿನಲ್ಲಿ ಈ ನಮೂದು ಇಲ್ಲದಿದ್ದರೆ ನೀವು ಇಸಿಎನ್‌ಆರ್ ವರ್ಗದವರು, ನಿಮಗೆ ಈ ಅನುಮತಿಯ ಅಗತ್ಯವಿಲ್ಲ. ನರ್ಸಿಂಗ್ ಓದಿದವರದು ಮಾತ್ರ ಬೇರೆ ಲೆಕ್ಕ: ಇಸಿಎನ್‌ಆರ್ ಪಾಸ್‌ಪೋರ್ಟ್ ಇದ್ದರೂ 2015ರಿಂದ ಅವರು ಈ 18 ದೇಶಗಳಿಗೆ ಹೋಗಲು ಕ್ಲಿಯರೆನ್ಸ್ ಪಡೆಯಬೇಕು.

ಅನುಮತಿ ಬೇಡ ಎಂಬುದನ್ನು ಓದಿದವರು ಸೌಕರ್ಯ ಎಂದುಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಒಂದು ಕಾವಲು ಕಡಿಮೆಯಾದಂತೆ. ಇಸಿಆರ್ ಕಾರ್ಮಿಕನ ಕರಾರುಪತ್ರವನ್ನು, ಅವನ ಕಂಪೆನಿಯನ್ನು, ವಿಮೆಯನ್ನು ಸರ್ಕಾರದ ಒಂದು ಕಣ್ಣಾದರೂ ನೋಡುತ್ತದೆ. ಡಿಪ್ಲೊಮಾ ಮುಗಿಸಿದ ಹುಡುಗನ ಕಾಗದವನ್ನು ಅವನ ಹೊರತು ಬೇರಾರೂ ನೋಡುವುದಿಲ್ಲ. ಇಸಿಎನ್‌ಆರ್ ಪಾಸ್‌ಪೋರ್ಟಿನವರು ಕೂಡ ವಿದೇಶಾಂಗ ಸಚಿವಾಲಯದ ವಲಸೆ ನೋಂದಣಿಯ ತಾಣವಾದ ಇ-ಮೈಗ್ರೇಟ್ ಜಾಲತಾಣದಲ್ಲಿ ಸ್ವಇಚ್ಛೆಯಿಂದ ಹೆಸರು ನೋಂದಾಯಿಸಿಕೊಳ್ಳಲು ಅವಕಾಶವಿದೆ. ನಾಳೆ ಆ ದೇಶದಲ್ಲಿ ಏನಾದರೂ ಆದರೆ ನೀವು ಎಲ್ಲಿದ್ದೀರಿ, ಯಾರ ಬಳಿ ಇದ್ದೀರಿ ಎಂಬ ಒಂದು ದಾಖಲೆ ಇಲ್ಲಿ ಉಳಿದಿರುತ್ತದೆ.

ಇಸಿಆರ್ ಪಾಸ್‌ಪೋರ್ಟಿನವರಿಗೆ ಬ್ರೋಕರ್ ಹೇಳುವ ಸುಲಭೋಪಾಯ ಒಂದಿದೆ: "ಕ್ಲಿಯರೆನ್ಸ್ ಗಿಯರೆನ್ಸ್ ಬೇಡ ಮಾರಾಯ, ವಿಸಿಟ್ ವೀಸಾದಲ್ಲಿ ಹೋಗು, ಏರ್‌ಪೋರ್ಟಿನಲ್ಲಿ ಕೇಳಿದರೆ ಅಣ್ಣನನ್ನು ನೋಡಲಿಕ್ಕೆ ಎಂದು ಹೇಳು." ಇಮಿಗ್ರೇಶನ್ ಅಧಿಕಾರಿಯ ಮುಂದೆ ಸುಳ್ಳು ಹೇಳಲು ಕಲಿಸುವವನು ಯಾರೇ ಆಗಿರಲಿ, ಆ ಮಾತಿನೊಂದಿಗೇ ಅವನ ವ್ಯವಹಾರವನ್ನು ಮುಗಿಸಿಬಿಡಿ. ಸುಳ್ಳು ಹೇಳಿದವರು ನೀವೇ ಆದ್ದರಿಂದ ಮುಂದೆ ದೂರು ಕೊಡಲು ಹೋದಾಗ ಮೊದಲು ತಬ್ಬಿಬ್ಬಾಗುವವರೂ ನೀವೇ.

ಏಜೆಂಟನ ಲೈಸೆನ್ಸ್

ಈಗ ಜಾರಿಯಲ್ಲಿರುವ 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದ ಅಧೀನದ ಪ್ರೊಟೆಕ್ಟರ್ ಜನರಲ್ ಆಫ್ ಎಮಿಗ್ರಂಟ್ಸ್ ಕಚೇರಿಯಿಂದ ನೋಂದಣಿ ಪತ್ರ ಪಡೆಯದೆ ಯಾರೂ ಜನರನ್ನು ವಿದೇಶದ ಕೆಲಸಕ್ಕೆ ನೇಮಿಸುವಂತಿಲ್ಲ. ದೊಡ್ಡ ಪ್ರಮಾಣದಲ್ಲಿ ನೇಮಕ ನಡೆಸುವ ಏಜೆಂಟ್ 50 ಲಕ್ಷ ರೂಪಾಯಿಯ ಬ್ಯಾಂಕ್ ಖಾತರಿ ಇಡಬೇಕು. ನೂರು ಜನರವರೆಗೆ ಮಾತ್ರ ಕಳುಹಿಸುವ ಸಣ್ಣ ಏಜೆಂಟನಿಗೆ ಇದು 8 ಲಕ್ಷ. ಟ್ರಾವೆಲ್ ಏಜೆನ್ಸಿಯ ಜಿಎಸ್‌ಟಿ ಪತ್ರ, ಪಂಚಾಯತಿಯ ಟ್ರೇಡ್ ಲೈಸೆನ್ಸ್, ಕಂಪೆನಿ ನೋಂದಣಿಯ ಪ್ರಮಾಣಪತ್ರ ಇವು ಯಾವುವೂ ಆ ನೋಂದಣಿಗೆ ಬದಲಿಯಲ್ಲ. ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ ಮೂರು ಪತ್ರಗಳನ್ನು ತೋರಿಸಿ "ನಮ್ಮದು ಗವರ್ನಮೆಂಟ್ ಅಪ್ರೂವ್ಡ್" ಎನ್ನುವವರ ಬಳಿ ಬಹುತೇಕ ಇರುವುದು ಇವೇ.

ಪರೀಕ್ಷಿಸುವ ಕ್ರಮ ಹೀಗೆ. ಏಜೆಂಟನ ಲೈಸೆನ್ಸ್ ಸಂಖ್ಯೆಯನ್ನು ಬರೆದು ಕೊಡುವಂತೆ ಕೇಳಿ. ಅಕ್ಷರ, ಅಂಕಿ, ಓರೆಗೆರೆಗಳಿರುವ ಉದ್ದನೆಯ ಸಂಖ್ಯೆ ಅದು, ನಿಜವಾದ ಏಜೆಂಟರು ಅದನ್ನು ಜಾಹೀರಾತಿನಲ್ಲೇ ಅಚ್ಚು ಮಾಡಿಸಿರುತ್ತಾರೆ. ಆ ಬಳಿಕ ಇ-ಮೈಗ್ರೇಟ್ ಜಾಲತಾಣವನ್ನು ತೆರೆಯಿರಿ. ಅದರ ವಿಳಾಸ 'ಗವ್ ಡಾಟ್ ಇನ್' ಎಂದೇ ಮುಗಿಯಬೇಕು. ಅದನ್ನೇ ಹೋಲುವ ಖಾಸಗಿ ತಾಣಗಳೂ ಇರುವುದರಿಂದ ಏಜೆಂಟ್ ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದ ಕೊಂಡಿಯನ್ನು ಒತ್ತಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ. ಅಲ್ಲಿ ನೇಮಕಾತಿ ಏಜೆಂಟರ ಪಟ್ಟಿಯನ್ನು ರಾಜ್ಯವಾರು ಹುಡುಕಬಹುದು. ಹೆಸರು ಸಿಕ್ಕಿದ ಕೂಡಲೇ ಸಮಾಧಾನಪಡದೆ ಅದರ ಎದುರಿಗಿರುವ ಸ್ಥಿತಿಯನ್ನು ಓದಿ: ಸಕ್ರಿಯ, ಅವಧಿ ಮುಗಿದದ್ದು, ಅಮಾನತು, ರದ್ದು ಎಂದು ಬೇರೆ ಬೇರೆ ಇರುತ್ತವೆ. ನೋಂದಣಿಯಿಲ್ಲದೆ ನೇಮಕ ಮಾಡುತ್ತಿರುವುದಾಗಿ ದೂರು ಬಂದವರ ಪಟ್ಟಿಯನ್ನೂ ಸಚಿವಾಲಯ ಪ್ರಕಟಿಸುತ್ತದೆ. ಅದನ್ನೂ ಒಮ್ಮೆ ನೋಡಿ.

ಇಲ್ಲಿಯವರೆಗಿನದನ್ನು ಬಹಳ ಜನ ಮಾಡುತ್ತಾರೆ, ಮಾಡಿಯೂ ಮೋಸ ಹೋಗುತ್ತಾರೆ. ಏಕೆಂದರೆ ಬ್ರೋಕರ್ ತೋರಿಸುವ ಲೈಸೆನ್ಸ್ ಸಂಖ್ಯೆ ನಿಜವಾದದ್ದೇ ಆಗಿರುತ್ತದೆ, ಆದರೆ ಅದು ಅವನದಲ್ಲ. ಮುಂಬಯಿಯ ಯಾವುದೋ ದೊಡ್ಡ ಏಜೆನ್ಸಿಯ ಪತ್ರದ ಫೋಟೊ ಪ್ರತಿಯನ್ನು ಇಟ್ಟುಕೊಂಡು "ನಾವು ಅವರ ಕರ್ನಾಟಕ ಬ್ರಾಂಚ್" ಎನ್ನುತ್ತಾನೆ. ನೋಂದಾಯಿತ ಏಜೆಂಟ್ ಶಾಖೆ ತೆರೆಯಬೇಕಾದರೆ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಊರೂರಿನ ಸಬ್ ಏಜೆಂಟರಿಗೆ ಕಾನೂನಿನಲ್ಲಿ ಜಾಗವಿಲ್ಲ. ಹಾಗಾಗಿ ಪಟ್ಟಿಯಲ್ಲಿ ಆ ಏಜೆನ್ಸಿಯ ಹೆಸರಿನೊಂದಿಗೆ ಇರುವ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ನೋಡಿ, ಬ್ರೋಕರ್ ಕೊಟ್ಟ ನಂಬರಿಗೆ ಅಲ್ಲ, ಪಟ್ಟಿಯಲ್ಲಿರುವ ನಂಬರಿಗೇ ಫೋನು ಮಾಡಿ ಮೂರು ಪ್ರಶ್ನೆ ಕೇಳಿ. ಈ ಕಂಪೆನಿಗೆ, ಈ ಕೆಲಸಕ್ಕೆ ನೀವು ಜನ ತೆಗೆದುಕೊಳ್ಳುತ್ತಿದ್ದೀರಾ? ನಮ್ಮ ಊರಿನ ಇಂಥವರು ನಿಮ್ಮ ಪರವಾಗಿ ಹಣ ಪಡೆಯುತ್ತಿರುವುದು ನಿಮಗೆ ಗೊತ್ತೇ? ಹಣವನ್ನು ನಾನು ನೇರವಾಗಿ ನಿಮ್ಮ ಕಚೇರಿಯ ಖಾತೆಗೆ ಹಾಕಬಹುದೇ? ಇಂಥ ಒಂದು ಫೋನಿನಲ್ಲಿ ಎಷ್ಟೋ ಕತೆಗಳು ಅಲ್ಲಿಗೇ ಮುಗಿಯುತ್ತವೆ.

ಮೇಲೆ ಹೇಳಿದ ಹುಡುಗನ ಆಫರ್ ಲೆಟರಿನ ಅಡಿಯಲ್ಲೂ ಒಂದು ಲೈಸೆನ್ಸ್ ಸಂಖ್ಯೆ ಇತ್ತು. ಇಬ್ಬರೂ ಕೂತು ಹುಡುಕಿದೆವು. ಸಂಖ್ಯೆ ಸಿಕ್ಕಿತು, ಸ್ಥಿತಿ ಸಕ್ರಿಯ ಎಂದೇ ಇತ್ತು, ಕಚೇರಿ ಮಾತ್ರ ಬೇರೆ ರಾಜ್ಯದಲ್ಲಿತ್ತು. ಮರುದಿನ ಫೋನು ಮಾಡಿದಾಗ ಆ ಕಚೇರಿಯವರು ತಾವು ಆ ಹೆಸರಿನ ಕಂಪೆನಿಗೆ ಯಾರನ್ನೂ ಕಳುಹಿಸುತ್ತಿಲ್ಲ ಎಂದು ಬೇಸರದಿಂದಲೇ ಹೇಳಿದರು. ಆ ವಾರ ಅದೇ ಪ್ರಶ್ನೆ ಕೇಳಿದ ಮೂರನೆಯ ಮನುಷ್ಯ ನಾನಾಗಿದ್ದೆನಂತೆ.

ಹಣದ ಲೆಕ್ಕ

ನೋಂದಾಯಿತ ಏಜೆಂಟ್ ಒಬ್ಬ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಗರಿಷ್ಠ ಮಿತಿ 30,000 ರೂಪಾಯಿ, ಅದರ ಮೇಲೆ 18 ಶೇಕಡ ಜಿಎಸ್‌ಟಿ. ಒಟ್ಟು 35,400 ರೂಪಾಯಿ. ಇದಕ್ಕೆ ರಸೀದಿ ಕೊಡುವುದು ಕಡ್ಡಾಯ. ವೀಸಾಕ್ಕೆಂದು ಲಕ್ಷ, ಲಕ್ಷದ ಇಪ್ಪತ್ತು ಸಾವಿರ ಕೇಳುವುದು ಕರಾವಳಿಯಲ್ಲಿ ಎಷ್ಟು ಮಾಮೂಲಾಗಿದೆಯೆಂದರೆ, ಕಡಿಮೆ ಕೇಳುವವನನ್ನೇ ಜನ ಸಂಶಯದಿಂದ ನೋಡುತ್ತಾರೆ. ಯುಎಇಯ ಕಾರ್ಮಿಕ ಕಾನೂನು ನೇಮಕಾತಿಯ ವೆಚ್ಚವನ್ನು ಕಾರ್ಮಿಕನಿಂದ ವಸೂಲು ಮಾಡಬಾರದು ಎನ್ನುತ್ತದೆ. ಸೌದಿಯಲ್ಲಿ ನೇಮಕದ ಮತ್ತು ಇಕಾಮಾದ, ಅಂದರೆ ಅಲ್ಲಿ ನೆಲೆಸುವ ಪರವಾನಗಿಯ, ಖರ್ಚು ಮಾಲೀಕನದು. ಅಂದಮೇಲೆ "ಕಂಪೆನಿಯವರು ವೀಸಾಕ್ಕೆ ಇಷ್ಟು ಕೇಳುತ್ತಿದ್ದಾರೆ" ಎಂಬ ಮಾತು ಒಂದೋ ಸುಳ್ಳು, ಇಲ್ಲವೇ ನೀವು ಸೇರಲಿರುವ ಕಂಪೆನಿ ಮೊದಲ ದಿನವೇ ಕಾನೂನು ಮುರಿಯುವಂಥದ್ದು.

ಹಣ ಕೊಡುವುದೇ ಆದರೆ ಏಜೆನ್ಸಿಯ ಹೆಸರಿನ ಬ್ಯಾಂಕ್ ಖಾತೆಗೆ ಕೊಡಿ. ವ್ಯಕ್ತಿಯ ಗೂಗಲ್ ಪೇ, ಫೋನ್ ಪೇ ನಂಬರಿಗೆ ಹಾಕಿದ ಹಣಕ್ಕೆ ಬ್ಯಾಂಕಿನ ದಾಖಲೆಯಾದರೂ ಇರುತ್ತದೆ. ಹೆಂಡತಿಯ ಚಿನ್ನ ಅಡವಿಟ್ಟು ಬಸ್ ಸ್ಟ್ಯಾಂಡಿನ ಹೊಟೇಲಿನಲ್ಲಿ ಕಟ್ಟು ಕಟ್ಟಾಗಿ ಕೊಟ್ಟ ನಗದಿಗೆ ಯಾವ ದಾಖಲೆಯೂ ಇಲ್ಲ. ರಸೀದಿಯಲ್ಲಿ 'ಮುಂಗಡ' ಎಂದಷ್ಟೇ ಬರೆದು ಕೊಟ್ಟರೆ ಒಪ್ಪಬೇಡಿ: ಯಾವ ದೇಶದ, ಯಾವ ಕಂಪೆನಿಯ, ಯಾವ ಹುದ್ದೆಗಾಗಿ ಎಂಬುದು ಬರಹದಲ್ಲಿ ಇರಬೇಕು. "ನಾಳೆಯೊಳಗೆ ಹಣ ಹಾಕದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ" ಎಂಬ ಅವಸರಕ್ಕೆ ನನ್ನ ಉತ್ತರ, ಹೋಗಲಿ ಬಿಡಿ ಎಂಬುದೇ.

ಮೆಡಿಕಲ್ ತಪಾಸಣೆಯ ಹೆಸರಿನಲ್ಲಿ ನಡೆಯುವ ಸುಲಿಗೆ ಸಣ್ಣದಾದರೂ ಹೇಳಬೇಕಾದದ್ದು. ಸೌದಿ, ಕುವೈತ್ ಮುಂತಾದೆಡೆಗೆ ಹೋಗುವವರ ತಪಾಸಣೆಯನ್ನು, ಹಿಂದೆ ಗಾಮ್ಕಾ ಎನ್ನುತ್ತಿದ್ದ, ಈಗ ವಾಫಿದ್ ಎನ್ನುವ ವ್ಯವಸ್ಥೆಯ ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಮಾಡಿಸಬೇಕು. ಖತಾರಿಗೆ ಹೋಗುವವರಿಗೆ ಅದರದೇ ವೀಸಾ ಕೇಂದ್ರಗಳಿವೆ, ನಮಗೆ ಹತ್ತಿರದವು ಕೊಚ್ಚಿ, ಚೆನ್ನೈ, ಹೈದರಾಬಾದ್ ಮತ್ತು ಮುಂಬಯಿಯಲ್ಲಿ. ಕೆಲಸವೇ ಖಚಿತವಾಗದೆ "ಮೊದಲು ಮೆಡಿಕಲ್ ಮಾಡಿಸಿ" ಎಂದು ನಲವತ್ತು ಜನರನ್ನು ಒಂದೇ ಲ್ಯಾಬಿಗೆ ಅಟ್ಟುವವನ ಆದಾಯ ಆ ಲ್ಯಾಬಿನ ಕಮಿಷನ್ನೇ ಇರಬಹುದು.

ಆಫರ್ ಲೆಟರ್ ಓದುವ ಕ್ರಮ

ಪತ್ರ ಬಂದ ಇಮೇಲ್ ವಿಳಾಸ ಕಂಪೆನಿಯ ಸ್ವಂತ ತಾಣದ ಹೆಸರಿನದಾಗಿದೆಯೇ, ಕಂಪೆನಿಯ ವಿಳಾಸ ನಕ್ಷೆಯಲ್ಲಿ ಸಿಗುತ್ತದೆಯೇ, ಪತ್ರಕ್ಕೆ ಸಹಿ ಹಾಕಿದವರ ಹುದ್ದೆ ಬರೆದಿದೆಯೇ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಇವಕ್ಕಿಂತ ಮುಖ್ಯವಾದದ್ದು ಸಂಬಳದ ಸಾಲು. 'ಒಟ್ಟು ಸಂಬಳ 2,000' ಎಂದು ಬರೆದು ಅದರೊಳಗೆ ಬೇಸಿಕ್ 800, ಉಳಿದದ್ದೆಲ್ಲ ಭತ್ಯೆ ಎಂದು ಸಣ್ಣ ಅಕ್ಷರದಲ್ಲಿ ಹಾಕಿದ್ದರೆ, ಓವರ್‌ಟೈಮ್ ಮತ್ತು ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಎರಡೂ ಆ 800ರ ಮೇಲೆಯೇ ಲೆಕ್ಕವಾಗುತ್ತವೆ. ಯುಎಇಯಲ್ಲಿ ಮೊದಲ ಐದು ವರ್ಷಗಳ ಗ್ರಾಚ್ಯುಟಿ ವರ್ಷಕ್ಕೆ 21 ದಿನಗಳ ಬೇಸಿಕ್ ಸಂಬಳ. ಊಟ, ವಸತಿ, ದಿನಕ್ಕೆ ಎಷ್ಟು ಗಂಟೆ ಡ್ಯೂಟಿ, ವಾರದ ರಜೆ, ಎರಡು ವರ್ಷದ ಮೇಲೆ ಊರಿಗೆ ಬರುವ ಟಿಕೆಟ್ ಯಾರದು ಎಂಬುದೆಲ್ಲ ಬರಹದಲ್ಲಿ ಇರಬೇಕು. ಬಾಯಿಮಾತಿನದು ವಿಮಾನ ಹತ್ತುವುದಿಲ್ಲ.

ಯುಎಇಯಲ್ಲಿ ಖಾಸಗಿ ಕಂಪೆನಿಯ ಆಫರ್ ಲೆಟರ್ ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯದ ನಿಗದಿತ ನಮೂನೆಯಲ್ಲಿ ಇರಬೇಕು, ಮತ್ತು ಅರೇಬಿಕ್, ಇಂಗ್ಲಿಷ್‌ಗಳ ಜೊತೆಗೆ ಕಾರ್ಮಿಕನಿಗೆ ಅರ್ಥವಾಗುವ ಮತ್ತೊಂದು ಭಾಷೆಯಲ್ಲಿ ಕೊಡಬೇಕು. ಇದಕ್ಕಾಗಿ ಅವರು ಸಿದ್ಧಪಡಿಸಿರುವ ಹನ್ನೊಂದು ಭಾಷೆಗಳಲ್ಲಿ ಹಿಂದಿ, ಮಲಯಾಳಂ, ತಮಿಳು ಇವೆ, ಕನ್ನಡ ಇಲ್ಲ. ಭಟ್ಕಳ, ಉಡುಪಿ, ಮಂಗಳೂರಿನಿಂದ ಇಷ್ಟು ತಲೆಮಾರುಗಳಿಂದ ಜನ ಹೋಗುತ್ತಿದ್ದರೂ ಹೀಗಿರುವುದು ನಮ್ಮ ರಾಜ್ಯದ ಜನಪ್ರತಿನಿಧಿಗಳು ಯೋಚಿಸಬೇಕಾದ ಸಂಗತಿ. ಸದ್ಯಕ್ಕೆ ಹಿಂದಿಯ ಪ್ರತಿಯನ್ನು ಕೇಳಿ ಪಡೆದು, ಓದಬಲ್ಲವರಿಂದ ಸಾಲು ಸಾಲಾಗಿ ಓದಿಸಿಕೊಳ್ಳಿ. ಇಸಿಆರ್ ಪಾಸ್‌ಪೋರ್ಟಿನವರಾದರೆ ಇಲ್ಲಿ ಸಹಿ ಹಾಕಿದ ಕರಾರುಪತ್ರವೇ ಇ-ಮೈಗ್ರೇಟಿಗೆ ಏರಬೇಕು. ಅಲ್ಲಿ ಇಳಿದ ಮೇಲೆ ಬೇರೆ ಕಾಗದಕ್ಕೆ ಸಹಿ ಹಾಕಿಸುವ ಚಾಳಿ ಹಳೆಯದು; ಮೂಲ ಕರಾರಿನ ಒಂದು ಪ್ರತಿ ಮನೆಯವರ ಬಳಿ ಇದ್ದರೆ ಮಾತ್ರ ಆಮೇಲೆ ವಾದಿಸಲು ಆಧಾರ ಸಿಗುತ್ತದೆ.

ವೀಸಾ ಎಂಬ ಹಾಳೆ

"ವೀಸಾ ಬಂತು" ಎಂಬ ಎರಡು ಶಬ್ದ ಕೇಳಿದ ಕೂಡಲೇ ಮನೆಯಲ್ಲಿ ಸಿಹಿ ಹಂಚುತ್ತಾರೆ. ಬಂದದ್ದು ಯಾವ ವೀಸಾ ಎಂದು ಯಾರೂ ಕೇಳುವುದಿಲ್ಲ. ವೀಸಾದ ಹಾಳೆಯಲ್ಲಿ ನಿಮ್ಮ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆಯ ಹೊರತಾಗಿ ಮೂರು ಸಂಗತಿ ಓದಬೇಕು: ವೀಸಾದ ಬಗೆ, ಹುದ್ದೆ, ಪ್ರಾಯೋಜಕ (ನಿಮ್ಮನ್ನು ಕರೆಸಿಕೊಳ್ಳುವ ಕಂಪೆನಿ ಅಥವಾ ವ್ಯಕ್ತಿ). ಆಫರ್ ಲೆಟರಿನಲ್ಲಿ ಎಲೆಕ್ಟ್ರಿಷಿಯನ್ ಎಂದಿದ್ದು ವೀಸಾದಲ್ಲಿ ಬೇರೇನೋ ಹುದ್ದೆ ಇದ್ದರೆ, ಅಥವಾ ಪ್ರಾಯೋಜಕನ ಜಾಗದಲ್ಲಿ ಬೇರೆಯೇ ಹೆಸರಿದ್ದರೆ ಅಲ್ಲಿಗೇ ನಿಲ್ಲಿ. ಕುವೈತಿನ ವಿಷಯದಲ್ಲಿ ಗಲ್ಫಿಗೆ ಹೋಗಿ ಬಂದವರೆಲ್ಲ 'ಹದಿನೆಂಟು', 'ಇಪ್ಪತ್ತು' ಎಂದು ಮಾತಾಡುವುದನ್ನು ಕೇಳಿರುತ್ತೀರಿ. ಹದಿನೆಂಟು ಖಾಸಗಿ ಕಂಪೆನಿಯ ಕೆಲಸದ್ದು. ಇಪ್ಪತ್ತು ಮನೆಗೆಲಸದವರದು, ಅಡುಗೆಯವರು ಮತ್ತು ಮನೆಯ ಡ್ರೈವರುಗಳು ಇದರಲ್ಲೇ ಬರುತ್ತಾರೆ. ಕಂಪೆನಿಯ ಡ್ರೈವರ್ ಎಂದು ಹೇಳಿ ಇಪ್ಪತ್ತರ ವೀಸಾ ಕೊಟ್ಟರೆ ನೀವು ಹೋಗಿ ಸೇರುವುದು ಒಬ್ಬ ವ್ಯಕ್ತಿಯ ಮನೆಗೋ ತೋಟಕ್ಕೋ, ಕಂಪೆನಿಗಲ್ಲ.

ಯುಎಇ, ಸೌದಿ ಎರಡೂ ಸರ್ಕಾರಗಳು ವೀಸಾ ಅಸಲಿಯೇ ಎಂದು ತಮ್ಮ ಅಧಿಕೃತ ತಾಣಗಳಲ್ಲಿ ಪರೀಕ್ಷಿಸಲು ಅವಕಾಶ ಕೊಟ್ಟಿವೆ. ಹಾಳೆಯಲ್ಲಿರುವ ಸಂಖ್ಯೆ ಮತ್ತು ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟರೆ ವಿವರ ಸಿಗುತ್ತದೆ. ಸೌದಿ ವೀಸಾ 2023ರಿಂದ ಭಾರತೀಯರಿಗೆ ಪಾಸ್‌ಪೋರ್ಟಿನಲ್ಲಿ ಅಂಟಿಸುವ ಸ್ಟಿಕರಿನ ಬದಲು ಕ್ಯೂಆರ್ ಸಂಕೇತವಿರುವ ಹಾಳೆಯಾಗಿ ಬರುತ್ತಿದೆ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ತೆರೆದುಕೊಳ್ಳುವ ತಾಣ ಆ ದೇಶದ ಸರ್ಕಾರದ್ದೇ ಹೌದೇ ಎಂದು ವಿಳಾಸವನ್ನು ಓದಿ ನೋಡಿ.

ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಂಡವರು ಇಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ; ಯುಎಇಯಲ್ಲಿ ಕಂಪೆನಿ ಅರ್ಜಿ ಹಾಕಿದರೆ ಬದಲಾಯಿಸುವುದಕ್ಕೆ ದಾರಿಯೂ ಇದೆ. ಆದರೆ ಬದಲಾಗುವ ತನಕ ಕೆಲಸ ಮಾಡುವುದು ಅಪರಾಧ, ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಂ ದಂಡ, ಬದಲಾಯಿಸುತ್ತೇನೆ ಎಂದವನು ಫೋನು ಎತ್ತದಿದ್ದರೆ ದೂರು ಕೊಡಲು ನಿಮ್ಮ ಕೈಯಲ್ಲಿ ಕರಾರೂ ಇಲ್ಲ. ಹತ್ತರಲ್ಲಿ ಆರು ಮಂದಿ ದಡ ಸೇರಿದರೂ ಉಳಿದ ನಾಲ್ವರ ಕತೆಯನ್ನು ಯಾರೂ ಊರಿನಲ್ಲಿ ಹೇಳಿಕೊಳ್ಳುವುದಿಲ್ಲ.

ಇದಕ್ಕಿಂತ ಹೆಚ್ಚು ಮೋಸದ ಶಬ್ದ 'ಫ್ರೀ ವೀಸಾ', ಕೆಲವರ ಬಾಯಲ್ಲಿ 'ಆಜಾದ್ ವೀಸಾ'. ಇಂಥದೊಂದು ವೀಸಾ ಯಾವ ಗಲ್ಫ್ ದೇಶದ ಕಾನೂನಿನಲ್ಲೂ ಇಲ್ಲ. ಕಾಗದದ ಮೇಲೆ ಒಬ್ಬ ಕಫೀಲ, ಅಂದರೆ ಪ್ರಾಯೋಜಕ, ನಿಮ್ಮನ್ನು ಕರೆಸಿಕೊಂಡಿರುತ್ತಾನೆ, ಅವನಿಗೆ ಹಣ ಕೊಟ್ಟು ನೀವು ಹೊರಗೆ ಎಲ್ಲಾದರೂ ದುಡಿಯುತ್ತೀರಿ, ಪ್ರತಿ ಇಕಾಮಾ ನವೀಕರಣಕ್ಕೂ ಅವನು ಹಣ ಕೇಳುತ್ತಾನೆ. ಒಂದು ದಿನ ಮನಸ್ತಾಪವಾದರೆ 'ಓಡಿಹೋಗಿದ್ದಾನೆ' ಎಂದು ಸೌದಿಯಲ್ಲಿ ಹುರೂಬ್ ದಾಖಲಿಸಿದರೆ, ನೀವು ಹಿಡಿದು ಗಡೀಪಾರು ಮಾಡಬೇಕಾದ ಮನುಷ್ಯರಾಗಬಹುದು. 'ಫ್ರೀ' ಎಂಬುದರಲ್ಲಿ ಉಚಿತವೂ ಇಲ್ಲ, ಸ್ವಾತಂತ್ರ್ಯವೂ ಇಲ್ಲ.

ಗಲ್ಫಿನಾಚೆಯ ಬಲೆ

ಮೇಲಿನದೆಲ್ಲ ಹಳೆಯ ಮೋಸ. ಹಣ ಹೋಗುತ್ತದೆ, ಜೀವ ಉಳಿಯುತ್ತದೆ. 2022ರಿಂದೀಚೆಗೆ ಬೆಳೆದಿರುವ ಇನ್ನೊಂದು ಬಗೆಯಲ್ಲಿ ಗುರಿಯಾಗುತ್ತಿರುವವರು ಬಿಕಾಂ, ಬಿಸಿಎ, ಡಿಪ್ಲೊಮಾ ಓದಿದ, ಇಂಗ್ಲಿಷ್ ಟೈಪ್ ಮಾಡಬಲ್ಲ ಯುವಕರು. ಥಾಯ್ಲೆಂಡಿನಲ್ಲಿ 'ಡಿಜಿಟಲ್ ಸೇಲ್ಸ್', 'ಡೇಟಾ ಎಂಟ್ರಿ', 'ಕಸ್ಟಮರ್ ಸಪೋರ್ಟ್' ಕೆಲಸ, ತಿಂಗಳಿಗೆ ಸಾವಿರ ಡಾಲರ್, ಟಿಕೆಟ್ ಕಂಪೆನಿಯದು ಎಂಬ ಟೆಲಿಗ್ರಾಂ ಸಂದೇಶ ಬರುತ್ತದೆ. ಇಲ್ಲಿ ಏಜೆಂಟ್ ನಿಮ್ಮಿಂದ ಹಣವನ್ನೇ ಕೇಳದಿರಬಹುದು. ಏಕೆಂದರೆ ಮಾರಾಟವಾಗುವುದು ನೀವೇ. ಬ್ಯಾಂಕಾಕಿನಲ್ಲಿ ಇಳಿದವರನ್ನು ಕಾರಿನಲ್ಲಿ ಮೇ ಸೋಟ್ ಎಂಬ ಗಡಿ ಪಟ್ಟಣಕ್ಕೆ ಒಯ್ದು, ಹೊಳೆ ದಾಟಿಸಿ, ಮ್ಯಾನ್ಮಾರಿನ ಮ್ಯಾವಡ್ಡಿ ಪ್ರದೇಶದ ಬೇಲಿ ಹಾಕಿದ ಕಟ್ಟಡಗಳಿಗೆ ಸೇರಿಸುತ್ತಾರೆ. ಕಾಂಬೋಡಿಯಾದಲ್ಲೂ, ಲಾವೋಸಿನ ಗೋಲ್ಡನ್ ಟ್ರಯಾಂಗಲ್ ವಲಯದಲ್ಲೂ ಇಂಥವೇ ಇವೆ. ಅಲ್ಲಿನ ಕೆಲಸ ಅಂತರ್ಜಾಲದಲ್ಲಿ ಜನರನ್ನು ವಂಚಿಸುವುದು; ಒಪ್ಪದವರಿಗೆ ಹೊಡೆತ, ಬಿಡುಗಡೆಗೆ ಲಕ್ಷಗಟ್ಟಲೆ ಹಣ. 2025ರ ಮಾರ್ಚಿನಲ್ಲಿ ವಾಯುಪಡೆಯ ಎರಡು ವಿಮಾನಗಳಲ್ಲಿ 549 ಭಾರತೀಯರನ್ನು ಮೇ ಸೋಟಿನಿಂದ ಕರೆತರಲಾಯಿತು.

ರಷ್ಯಾದ ಪ್ರಕರಣ ನಮಗೆ ಇನ್ನೂ ಹತ್ತಿರದ್ದು. ಯೂಟ್ಯೂಬ್ ವಿಡಿಯೊ ನೋಡಿ, ಸೆಕ್ಯುರಿಟಿ ಮತ್ತು ಹೆಲ್ಪರ್ ಕೆಲಸವೆಂದು ನಂಬಿ ಹೋದವರಲ್ಲಿ ಕಲಬುರಗಿ ಜಿಲ್ಲೆಯ ಯುವಕರೂ ಇದ್ದರು. ಅವರನ್ನು ರಷ್ಯನ್ ಭಾಷೆಯ ಕರಾರಿಗೆ ಸಹಿ ಹಾಕಿಸಿ ಸೈನ್ಯಕ್ಕೆ ಸೇರಿಸಲಾಗಿತ್ತು, ಉಕ್ರೇನ್ ಯುದ್ಧದ ಗಡಿಯವರೆಗೂ ಕಳುಹಿಸಲಾಗಿತ್ತು. 2024ರ ಮಾರ್ಚಿನಲ್ಲಿ ಸಿಬಿಐ ಈ ಜಾಲದ ವಿರುದ್ಧ ಪ್ರಕರಣ ದಾಖಲಿಸಿ ಹಲವು ನಗರಗಳಲ್ಲಿ ಶೋಧ ನಡೆಸಿತು. ಕಲಬುರಗಿಯ ಯುವಕರು ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದರು. ಭಾಷೆ ಬಾರದ ಕಾಗದಕ್ಕೆ ಸಹಿ ಹಾಕಬಾರದೆಂಬ ಮಾತು ಇಷ್ಟು ದುಬಾರಿಯಾಗಿ ಸಾಬೀತಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಂಥ ಆಮಿಷವನ್ನು ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: ಆ ದೇಶದಲ್ಲಿ ದುಡಿಯಲು ಅನುಮತಿ ಕೊಡುವ ವೀಸಾವನ್ನು ನಾನು ಭಾರತದಲ್ಲಿರುವಾಗಲೇ ಕೈಗೆ ಕೊಡುತ್ತೀರಾ? ಪ್ರವಾಸಿಗಳಿಗೆ ಸಿಗುವ ವೀಸಾ ವಿನಾಯಿತಿಯಲ್ಲಿ ಬನ್ನಿ, ಆಮೇಲೆ ನೋಡೋಣ ಎಂದರೆ ಆ ಉತ್ತರವೇ ಸಾಕು. ಅದರ ಮೇಲೂ ಸಂಶಯವಿದ್ದರೆ ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಕಂಪೆನಿಯ ಹೆಸರು, ಆಫರ್ ಲೆಟರ್ ಲಗತ್ತಿಸಿ ಇಮೇಲ್ ಮಾಡಿ.

ಹೆಣ್ಣುಮಕ್ಕಳಿಗೆ ಸಂಬಂಧಿಸಿದಂತೆ

ಇಸಿಆರ್ ಪಾಸ್‌ಪೋರ್ಟಿರುವ ಮಹಿಳೆಯರು ಆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಮೂವತ್ತು ವರ್ಷ ತುಂಬಿರಬೇಕು, ಮನೆಗೆಲಸದಂಥ ಕೆಲಸಗಳಿಗೆ ಸರ್ಕಾರಿ ನೇಮಕಾತಿ ಸಂಸ್ಥೆಗಳ ಮೂಲಕವೇ ಹೋಗಬೇಕು. ವಯಸ್ಸು ಹೆಚ್ಚಿಸಿ ಪಾಸ್‌ಪೋರ್ಟ್ ಮಾಡಿಸಿಕೊಡುತ್ತೇನೆ ಎನ್ನುವವನು ನಿಮ್ಮನ್ನು ಮೊದಲೇ ಅಪರಾಧದ ಪಾಲುದಾರರನ್ನಾಗಿ ಮಾಡುತ್ತಿದ್ದಾನೆ. ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ಇಲಾಖೆಯ ಅಡಿ ಇಂಟರ್‌ನ್ಯಾಷನಲ್ ಮೈಗ್ರೇಶನ್ ಸೆಂಟರ್ ಇದೆ. ನರ್ಸುಗಳೂ ಸೇರಿದಂತೆ ಯಾರೇ ಆದರೂ ಖಾಸಗಿಯವರ ಬಳಿಗೆ ಹೋಗುವ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಹೊರಡುವ ವಾರ

ಮೂಲ ಪಾಸ್‌ಪೋರ್ಟನ್ನು ಏಜೆಂಟನಿಗೆ ತಿಂಗಳುಗಟ್ಟಲೆ ಕೊಟ್ಟಿಡಬೇಡಿ. ಕಾನೂನಿನ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ವೀಸಾ ಪ್ರಕ್ರಿಯೆಗೆ ಕೊಡಲೇಬೇಕಾದಾಗ ದಿನಾಂಕ ಹಾಕಿ ಸ್ವೀಕೃತಿ ಬರೆಸಿಕೊಳ್ಳಿ.

ಇಸಿಆರ್ ವರ್ಗದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತಿಗೆ ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷದ ವಿಮೆ ಇದು. "ವಿಮೆಗೆ ಐದು ಸಾವಿರ" ಎಂದು ಏಜೆಂಟ್ ಬರೆದ ಚೀಟಿಯನ್ನು ನಾನು ನೋಡಿದ್ದೇನೆ. ಹೊರಡುವ ಮುನ್ನ ಸರ್ಕಾರ ನಡೆಸುವ ಒಂದು ದಿನದ ತರಬೇತಿಯೂ ಉಚಿತ.

ಪಾಸ್‌ಪೋರ್ಟ್, ವೀಸಾ, ಕರಾರು, ವಿಮೆ, ರಸೀದಿಗಳ ಒಂದೊಂದು ಪ್ರತಿಯನ್ನು ಮನೆಯಲ್ಲಿ, ಮೊಬೈಲಿನ ಹೊರತು ಕಾಗದದಲ್ಲೂ ಇಟ್ಟು ಹೋಗಿ. ಮೊಬೈಲನ್ನು ಕಿತ್ತುಕೊಳ್ಳುವುದೇ ಅಲ್ಲಿನ ಮೋಸಗಾರರ ಮೊದಲ ಕೆಲಸವಾಗಿರುತ್ತದೆ.

ಈಗಾಗಲೇ ಹಣ ಹೋಗಿದ್ದರೆ

ಮೊದಲ ಎರಡು ದಿನ ಜನ ಮಾಡುವ ತಪ್ಪು ಒಂದೇ: ಸಿಟ್ಟಿನಿಂದ ಬ್ರೋಕರನ ಜೊತೆ ಜಗಳವಾಡಿ, ಅವನ ನಂಬರ್ ಬ್ಲಾಕ್ ಮಾಡಿ, ವಾಟ್ಸ್‌ಆ್ಯಪ್ ಸಂಭಾಷಣೆಯನ್ನು ಅಳಿಸಿಬಿಡುತ್ತಾರೆ. ಆ ಸಂಭಾಷಣೆ, ಧ್ವನಿ ಸಂದೇಶ, ಜಾಹೀರಾತಿನ ಸ್ಕ್ರೀನ್‌ಶಾಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಇವೇ ನಿಮ್ಮ ಸಾಕ್ಷ್ಯ. ಹಣ ಆನ್‌ಲೈನಿನಲ್ಲಿ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನಿಮ್ಮ ಠಾಣೆಯಲ್ಲಿ ಕೊಡುವ ದೂರಿನಲ್ಲಿ 'ಸಾಲದ ಹಣ ಹಿಂದಿರುಗಿಸಿಲ್ಲ' ಎಂಬಂತೆ ಬರೆಯದೆ, ನೋಂದಣಿಯಿಲ್ಲದೆ ವಿದೇಶಿ ಉದ್ಯೋಗಕ್ಕೆ ನೇಮಿಸುತ್ತೇನೆಂದು ಹಣ ಪಡೆದಿದ್ದಾನೆ ಎಂದು ಸ್ಪಷ್ಟವಾಗಿ ಬರೆಯಿರಿ. ಆಗ ವಂಚನೆಯ ಜೊತೆಗೆ ವಲಸೆ ಕಾಯ್ದೆಯೂ ಅನ್ವಯಿಸುತ್ತದೆ. ಅದರಲ್ಲಿ ಎರಡು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಹಣಕಾಸಿನ ತಗಾದೆ ಎಂದು ಕಂಡರೆ ಠಾಣೆಯವರು ಸಿವಿಲ್ ಕೋರ್ಟಿಗೆ ಹೋಗಿ ಎನ್ನುತ್ತಾರೆ. ಬೆಂಗಳೂರಿನ ವಲಸಿಗರ ರಕ್ಷಣಾಧಿಕಾರಿಗೂ, ಇ-ಮೈಗ್ರೇಟ್ ತಾಣದಲ್ಲೂ ಅದೇ ದೂರನ್ನು ಸಲ್ಲಿಸಿ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090.

ಠಾಣೆಗೆ ಹೋಗುತ್ತೀರೆಂದು ತಿಳಿದ ಕೂಡಲೇ ಬ್ರೋಕರ್ ರಾಜಿಗೆ ಬರುತ್ತಾನೆ, ಮುಂದಿನ ತಾರೀಕಿನ ಚೆಕ್ ಕೊಡುತ್ತಾನೆ. ಚೆಕ್ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ದೂರು ಹಿಂದೆಗೆದುಕೊಂಡೆ ಎಂದು ಹಣ ಕೈಗೆ ಬರುವ ಮೊದಲು ಬರೆದುಕೊಡಬೇಡಿ. ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ 15 ದಿನಗಳೊಳಗೆ ಅವನು ಹಣ ಕೊಡದಿದ್ದರೆ ಪ್ರಕರಣ ಹೂಡಬಹುದು. ಮೂವತ್ತು ದಿನ ದಾಟಿಸಲಿಕ್ಕೇ "ಇನ್ನೊಂದು ವಾರ ನಿಲ್ಲಿ, ಚೆಕ್ ಮತ್ತೆ ಹಾಕಿ" ಎಂದು ಎಳೆಯುವವರಿದ್ದಾರೆ. ಮೇಲೆ ಹೇಳಿದ ಹುಡುಗನಿಗೂ ಸಣ್ಣ ಮಾವನ ದೋಸ್ತಿಯಿಂದ ಇಂಥದೇ ಚೆಕ್ ಸಿಕ್ಕಿತು. ಒಮ್ಮೆ ಬೌನ್ಸ್ ಆಯಿತು, ನೋಟಿಸ್ ಹೋಯಿತು, ಆಮೇಲೆ ಎರಡು ಕಂತಿನಲ್ಲಿ 60,000 ಬಂತು. ಉಳಿದ 25,000 ಇನ್ನೂ ಬರಬೇಕಾಗಿದೆ.

ವಿದೇಶದಲ್ಲೇ ಸಿಕ್ಕಿಹಾಕಿಕೊಂಡಿರುವವರು ಹತ್ತಿರದ ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯನ್ನು ಸಂಪರ್ಕಿಸಬೇಕು. ಯುಎಇಯಲ್ಲಿ 800 46342 ದಿನವಿಡೀ ನಡೆಯುವ ಸಹಾಯವಾಣಿ. ಊರಿನಲ್ಲಿರುವ ಮನೆಯವರು ಅದೇ ದೂರನ್ನು ವಿದೇಶಾಂಗ ಸಚಿವಾಲಯದ ಮದದ್ ತಾಣದಲ್ಲಿ ದಾಖಲಿಸಿ ಸಂಖ್ಯೆ ಪಡೆದುಕೊಳ್ಳಲಿ. ಮಾಲೀಕ ಪಾಸ್‌ಪೋರ್ಟ್ ಕೊಡದಿದ್ದರೂ ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಟ್ಟು ಊರಿಗೆ ಕಳುಹಿಸಬಲ್ಲದು, ಟಿಕೆಟಿಗೆ ಹಣವಿಲ್ಲದವರಿಗೆ 2009ರಿಂದ ಇರುವ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಕೊಡಬಲ್ಲದು. ಆ ಸರ್ಟಿಫಿಕೇಟಿಗೆ ನೀವು ಭಾರತೀಯರೆಂದು ತೋರಿಸಬೇಕಾಗುತ್ತದೆ. ಮನೆಯ ಕಪಾಟಿನಲ್ಲಿಟ್ಟು ಹೋದ ಪಾಸ್‌ಪೋರ್ಟಿನ ಜೆರಾಕ್ಸ್ ಆಗ ಬೇಕಾಗುತ್ತದೆ.